ಲಿಫ್ಟಣ್ಣ ‘ಸಾಕು’ ಅಂದದ್ದು

“ಎತ್ತಿ, ಇನ್ನೂ ಸ್ವಲ್ಪ ಎತ್ತಿ!”

ಮೆಟ್ಟಿಲು ತಿರುಗುವ ಜಾಗದಲ್ಲಿ ಶವಪೆಟ್ಟಿಗೆಯ ಮೂಲೆ ಗೋಡೆಗೆ ಸಿಕ್ಕಿಕೊಂಡಿತ್ತು. ಮುಂದುಗಡೆ ಹಿಡಿದಿದ್ದ ಲಿಫ್ಟ್ ಮೆಕ್ಯಾನಿಕ್ ಹಲ್ಲು ಕಚ್ಚಿ ಕೂಗುತ್ತಿದ್ದ. ಅವನ ತಲೆ ಪೂರ್ತಿ ನೆರೆತಿದ್ದರೂ ತೋಳಿನ ಕಸುವು ಹೋಗಿರಲಿಲ್ಲ. ಹಿಂದುಗಡೆ ಹಿಡಿದಿದ್ದ ಪಕ್ಕದ ಮನೆಯ ಅಣ್ಣತಮ್ಮಂದಿರು ಎತ್ತಿದರು. ಪೆಟ್ಟಿಗೆ ಅಲುಗಲಿಲ್ಲ.

“ಇಳಿಸೋ ಹೊತ್ನಲ್ಲಿ ಎತ್ತಿ ಎತ್ತಿ ಅಂತೀಯಲ್ಲಪ್ಪ,” ಎಂದು ಎರಡು ಮೆಟ್ಟಿಲು ಮೇಲೆ ಕೋಲೂರಿ ನಿಂತಿದ್ದ ದೊಡ್ಡಪ್ಪ ಗೊಣಗಿದರು.

“ಎತ್ತದೆ ಇಳಿಯಲ್ಲ ಯಜಮಾನ್ರೇ.”

“ಹಾಗಾದ್ರೆ ನಾವೀಗ ಮೇಲೆ ಹೋಗ್ತಿದೀವೋ, ಕೆಳಗೋ?”

ಕೇಳಿದ ಮೇಲೆ ದೊಡ್ಡಪ್ಪ ನಾಲಗೆ ಕಚ್ಚಿಕೊಂಡರು. ಇಂಥ ಪ್ರಶ್ನೆ ಕಿವಿಗೆ ಬಿದ್ದಮೇಲೆ ಉತ್ತರ ಕೊಡದೆ ಬಿಟ್ಟವನೇ ಅಲ್ಲ, ಪೆಟ್ಟಿಗೆಯೊಳಗೆ ಮಲಗಿದ್ದ ಮನುಷ್ಯ. ಅವನ ಉತ್ತರಕ್ಕೆ ಕಾಯುವುದು ಎಲ್ಲರಿಗೂ ಅಷ್ಟು ರೂಢಿಯಾಗಿತ್ತು. ಇವತ್ತೂ ಕಾದರು.

“ವಾಲಿಸ್ಬೇಡಿ. ಕಾಲಿನ ಕಡೆ ಕೆಳಗೆ ಬಿಟ್ಟು, ತಲೆ ಕಡೆ ಮೇಲೆ ಹಿಡಿದು ತಿರುಗಿಸಿ,” ಎಂದು ಹಿಂದಿನಿಂದ ಒಂದು ಹೆಣ್ಣುದನಿ ಹೇಳಿತು. ಹಾಗೇ ಮಾಡಿದರು. ಪೆಟ್ಟಿಗೆ ತಿರುಗಿತು.

ಹೇಳಿದವಳು ಆ ಮನೆಯಲ್ಲೇ ಬೆಳೆದ ಹೆಂಗಸು. ಮನೆಯವರು ಪುಟ್ಟಿ ಅನ್ನುತ್ತಿದ್ದರು. ಐವತ್ತರ ಹತ್ತಿರ ಬಂದರೂ ಪುಟ್ಟಿಯೇ. ಔಷಧಿ ಅಂಗಡಿಯಲ್ಲಿ ಕೆಲಸ. ಊಟಕ್ಕೆ ಮುಂಚೆ, ಊಟ ಆದಮೇಲೆ, ಬೆಳಿಗ್ಗೆ ಒಂದು, ರಾತ್ರಿ ಅರ್ಧ ಎಂದು ದಿನವಿಡೀ ಬಿಡಿಸಿ ಬಿಡಿಸಿ ಹೇಳುವವಳು. ಮಾತನ್ನು ಸುತ್ತಿಬಳಸುವುದು ಅವಳಿಗೆ ಆಗದು. ಸೊಟ್ಟ ಮಾತಿನ ಮನೆಯಲ್ಲಿ ಇವಳೊಬ್ಬಳು ಹೇಗೆ ಇಷ್ಟು ನೆಟ್ಟಗಾದಳೋ ಎಂದು ನೆರೆಯವರು ಆಡಿಕೊಳ್ಳುತ್ತಿದ್ದರು. ಅವಳು ಗಂಡನನ್ನು ಕಳೆದುಕೊಂಡ ಚಿಕ್ಕಮ್ಮನ ಕೈ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದಳು.

ಕೆಳಗೆ ಅಂಗಳಕ್ಕೆ ಬಂದರೆ ಶವ ಸಾಗಿಸುವ ವ್ಯಾನೇ ಇಲ್ಲ. ಚಕ್ರ ಪಂಕ್ಚರ್ ಆಗಿದೆ, ಇನ್ನು ಸ್ವಲ್ಪ ಹೊತ್ತಿಗೆ ಬರುತ್ತದೆ ಎಂದು ಫೋನ್ ಬಂತು. ಪೆಟ್ಟಿಗೆಯನ್ನು ಎರಡು ಬೆಂಚು ಕೂಡಿಸಿ ಅದರ ಮೇಲೆ ಇಟ್ಟರು. ಕೆಳಮನೆಗೆ ಹೊಸದಾಗಿ ಬಾಡಿಗೆಗೆ ಬಂದಿದ್ದ ಹೆಂಗಸು ಒಳಗಿನಿಂದ ಕುರ್ಚಿಗಳನ್ನು ತಂದು ಹಾಕಿ, ಪುಟ್ಟಿಯ ಪಕ್ಕ ನಿಂತು ಮೆಲ್ಲಗೆ ಕೇಳಿದಳು.

“ಇವರು ನಿಮಗೇನಾಗಬೇಕು?”

ಪುಟ್ಟಿ ಪೆಟ್ಟಿಗೆಯ ಕಡೆ ನೋಡಿದಳು.

“ಚಿಕ್ಕಪ್ಪ,” ಅಂದಳು. “ನಮ್ಮಮ್ಮನ ತಂಗಿ ಗಂಡ.”

“ಓ. ನಾನು ಮಗಳು ಅಂದ್ಕೊಂಡಿದ್ದೆ.”

ಪುಟ್ಟಿ ಒಂದು ಕುರ್ಚಿ ಎಳೆದು ಚಿಕ್ಕಮ್ಮನನ್ನು ಕೂರಿಸಿದಳು.

*

ಅವನಿಗೆ ಲಿಫ್ಟಣ್ಣ ಎಂಬ ಹೆಸರು ಯಾರು ಇಟ್ಟರೋ, ಅವನ ನಿಜವಾದ ಹೆಸರನ್ನು ಅದು ನುಂಗಿಹಾಕಿತ್ತು. ಕೆಲಸ ಮಾಡಿದ್ದು ಆರು ಮಹಡಿಯ ಹಳೇ ಕಚೇರಿ ಕಟ್ಟಡದಲ್ಲಿ. ಗುಂಡಿ ಒತ್ತಿದರೆ ತಾನೇ ಓಡುವ ಲಿಫ್ಟಲ್ಲ ಅದು. ಒಳಗೆ ಹಿತ್ತಾಳೆಯ ಹಿಡಿಯೊಂದಿತ್ತು. ಬಲಕ್ಕೆ ತಿರುಗಿಸಿದರೆ ಮೇಲೆ, ಎಡಕ್ಕೆ ತಿರುಗಿಸಿದರೆ ಕೆಳಗೆ, ಕೈ ಬಿಟ್ಟರೆ ಇದ್ದಲ್ಲೇ ನಿಲ್ಲುತ್ತಿತ್ತು. ಮಡಚುವ ಕಬ್ಬಿಣದ ಜಾಲರಿ ಬಾಗಿಲು, ಮೂಲೆಯಲ್ಲಿ ಒಂದು ಎತ್ತರದ ಸ್ಟೂಲು. ಆ ಸ್ಟೂಲಿನ ಮೇಲೆ ಕೂತು ಅವನು ತನ್ನ ಇಡೀ ನೌಕರಿಯನ್ನು ಮುಗಿಸಿದ.

ದಿನಕ್ಕೆ ನೂರು ಸಲ ಅದೇ ಪ್ರಶ್ನೆಗಳು. ನೆಟ್ಟಗೆ ಉತ್ತರ ಕೊಟ್ಟಿದ್ದರೆ ಅವನಿಗೆ ತಲೆ ಕೆಡುತ್ತಿತ್ತೋ ಏನೋ.

“ಮೇಲೆ ಹೋಗ್ತೀಯೇನಪ್ಪಾ?”

“ನಂದಿನ್ನೂ ಟೈಮಿದೆ ಸಾರ್. ನಿಮಗೇನಾದ್ರೂ ಅರ್ಜೆಂಟಾ?”

“ಆರನೇ ಮಹಡಿಗೆ ಎಷ್ಟು ಹೊತ್ತು?”

“ಆರು ಜನರನ್ನ ಹೊತ್ತು. ಏಳಾದ್ರೆ ಏಳೋದೇ ಇಲ್ಲ.”

“ಮ್ಯಾನೇಜರ್ ಸಿಗ್ತಾರಾ?”

“ಎಲ್ಲಿ ಸಾರ್, ಎಷ್ಟು ಜನ ಪ್ರಯತ್ನಪಟ್ರು. ಯಾರ ಕೈಗೂ ಸಿಕ್ಕಿಬಿದ್ದಿಲ್ಲ.”

ಹೊಸಬರು ತಬ್ಬಿಬ್ಬಾಗುತ್ತಿದ್ದರು, ಹಳಬರು ನಗುತ್ತಿದ್ದರು. ಅವನು ಮಾತ್ರ ನಗುತ್ತಿರಲಿಲ್ಲ. ಕೇಳಿದ್ದು ಸರಿಯಾಗಿ ಕೇಳಿಸಿತು, ಹೇಳಿದ್ದು ಸರಿಯಾಗೇ ಹೇಳಿದೆ ಎನ್ನುವಂಥ ಮುಖ. ಅದೇ ಅವನ ಬಂಡವಾಳ.

ಪುಟ್ಟಿ ಶಾಲೆ ಬಿಟ್ಟಮೇಲೆ ಸೀದಾ ಅಲ್ಲಿಗೇ ಬರುತ್ತಿದ್ದಳು. ಅವನು ಎದ್ದು ಸ್ಟೂಲು ಬಿಟ್ಟುಕೊಡುತ್ತಿದ್ದ. ಅವಳು ಮೇಲೆ ಕೆಳಗೆ ಹೋಗುತ್ತಲೇ ಲೆಕ್ಕ ಮಾಡುತ್ತಿದ್ದಳು. ಕಂಡವರು ಕೇಳುತ್ತಿದ್ದರು.

“ಈ ಮಗು ನಿನಗೇನಾಗಬೇಕಯ್ಯಾ?”

“ಏನೂ ಆಗಬೇಕಾಗಿಲ್ಲ ಸಾರ್.”

ಕೇಳಿದವರು ನಕ್ಕು ಇಳಿದುಹೋಗುತ್ತಿದ್ದರು. ಸ್ಟೂಲಿನ ಮೇಲಿದ್ದ ಹುಡುಗಿ ತಲೆ ತಗ್ಗಿಸಿ, ಬರೆದಿದ್ದ ಅಂಕಿಯ ಮೇಲೇ ಇನ್ನೊಂದು ಸಲ ಬರೆಯುತ್ತಿದ್ದಳು. ಏನೂ ಆಗಬೇಕಾಗಿಲ್ಲ. ಅಂದರೆ ನಾನು ಇವರಿಗೆ ಏನೂ ಅಲ್ಲ.

*

“ನನಗೆ ಕೆಲಸ ಸಿಕ್ಕ ಹೊಸತು,” ಎಂದು ಅಂಗಳದಲ್ಲಿ ಕೂತಿದ್ದ ಟೈಪಿಸ್ಟ್ ಅಮ್ಮ ಶುರುಮಾಡಿದರು. ಆ ಕಟ್ಟಡದ ಆರನೇ ಮಹಡಿಯಲ್ಲಿ ಟೈಪ್ ಮಾಡಿ ಮಾಡಿ ನಿವೃತ್ತರಾದವರು. ಮಾತಾಡುವಾಗಲೂ ಮಡಿಲಲ್ಲಿ ಅವರ ಬೆರಳುಗಳು ಕುಣಿಯುತ್ತಿದ್ದವು. “ಒಂದಿನ ಸಾಹೇಬರು ಎಲ್ಲರೆದುರು ಚೆನ್ನಾಗಿ ಬೈದುಬಿಟ್ರು. ಅಳು ತಡ್ಕೊಂಡು ಲಿಫ್ಟ್ ಹತ್ತಿದೆ. ಇವರು ನೋಡಿ, ಕಣ್ಣಿಗೇನಾಯ್ತು ಅಂದ್ರು. ಧೂಳು ಬಿತ್ತು ಅಂದೆ. ಸರಿ ಅಂತ ಬಾಗಿಲು ಹಾಕಿದೋರು ತೆಗೀಲೇ ಇಲ್ಲ. ಮೇಲೆ, ಕೆಳಗೆ, ಮೇಲೆ, ಕೆಳಗೆ. ಒಂದೊಂದು ಮಹಡೀಲೂ ಜನ ಕೂಗ್ತಾರೆ, ನಿಲ್ಸಪ್ಪಾ ನಿಲ್ಸು ಅಂತ. ಇವರು, ತುಂಬಿದೆ ಸಾರ್, ತುಂಬಿದೆ, ಅಂತ ಹೇಳ್ಕೊಂಡು ಹೋಗ್ತಾನೇ ಇದಾರೆ.”

“ಒಳಗೆ ನೀವೊಬ್ರೇ?” ಎಂದಳು ಬಾಡಿಗೆಯ ಹೆಂಗಸು.

“ಒಬ್ಳೇ! ಅತ್ತು ಮುಗಿದ್ಮೇಲೆ ನಾನೇ ಕೇಳ್ದೆ, ಯಾಕಣ್ಣ ಹಾಗೆ ಸುಳ್ಳು ಹೇಳಿದ್ರಿ ಅಂತ. ‘ಸುಳ್ಳೆಲ್ಲಿ ಹೇಳ್ದೆ? ತುಂಬಿತ್ತಲ್ಲ, ಕಣ್ಣು’ ಅಂದ್ರು.”

ಯಾರೋ ನಕ್ಕರು, ಯಾರೋ ಮೂಗು ಒರೆಸಿಕೊಂಡರು. ಚಿಕ್ಕಮ್ಮ ಎರಡನ್ನೂ ಮಾಡಲಿಲ್ಲ. ಬೆಳಗಿನಿಂದ ಅವರು ಅತ್ತಿರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಇಷ್ಟೇ. ಪುಟ್ಟಿಗೆ ಅದನ್ನು ನೋಡಿಯೇ ಭಯವಾಗುತ್ತಿತ್ತು.

“ನನ್ನನ್ನೂ ಹಾಗೇ ಮೇಲೆ ಕೆಳಗೆ ಮಾಡಿಸಿದ್ದಾನೆ ಪುಣ್ಯಾತ್ಮ,” ಎಂದರು ದೊಡ್ಡಪ್ಪ. ಅವರು ಪುಟ್ಟಿಯ ತಂದೆಯ ಅಣ್ಣ. ಎಂಬತ್ತು ದಾಟಿದ್ದರೂ ಸುದ್ದಿ ಕೇಳಿದ ತಕ್ಷಣ ಬಸ್ಸು ಹಿಡಿದು ಬಂದಿದ್ದರು. “ಇವಳನ್ನ ಕರ್ಕೊಂಡು ಹೋಗೋಕೆ ಬಂದಿದ್ನಲ್ಲ, ಆವತ್ತು.”

ಪುಟ್ಟಿ ತಲೆಯೆತ್ತಿ ನೋಡಿದಳು. ಆವತ್ತಿನ ಮಾತನ್ನು ಆ ಮನೆಯಲ್ಲಿ ಯಾರೂ ಎತ್ತಿದವರಲ್ಲ.

*

ಆವತ್ತಿಗೆ ಅವಳಿಗೆ ಆರು ವರ್ಷ. ಅಪ್ಪ ಮೊದಲೇ ಇರಲಿಲ್ಲ, ಅಮ್ಮ ಆ ಬೇಸಿಗೆಯಲ್ಲಿ ಹೋದಳು. ನಾಲ್ಕು ದಿನ ಇರಲಿ ಎಂದು ಚಿಕ್ಕಮ್ಮ ಕರೆತಂದಿದ್ದರು. ನಾಲ್ಕು ದಿನ ಎರಡು ತಿಂಗಳಾಯಿತು. ಒಂದು ಸಂಜೆ ದೊಡ್ಡಪ್ಪ ಬಂದರು. ಕೆಟ್ಟವರೇನಲ್ಲ, ಅವಳಿಗೆ ಹೊಸ ಚಪ್ಪಲಿ ತಂದಿದ್ದರು. ತಮ್ಮ ಊರಿನ ಹುಡುಗಿಯರ ಹಾಸ್ಟೆಲ್ಲಿನಲ್ಲಿ ಮಾತಾಡಿ ಒಂದು ಜಾಗ ಹಿಡಿದಿಟ್ಟಿದ್ದರು.

ರೂಮಿಗೆ ಅಡ್ಡ ಕಟ್ಟಿದ್ದ ಪರದೆಯಾಚೆ ಅವಳನ್ನು ಮಲಗಿಸಿದ್ದರು. ನಿದ್ದೆ ಬಂದಿರಲಿಲ್ಲ. ಎದ್ದು ಬಂದು ಪರದೆಯ ಹಿಂದೆ ನಿಂತಳು. ಲಿಫ್ಟಣ್ಣ ನೆಲದ ಮೇಲೆ ಕೂತು ಸಮವಸ್ತ್ರದ ಅಂಗಿಗೆ ಗುಂಡಿ ಹೊಲಿಯುತ್ತಿದ್ದ.

“ನಿಮ್ಮ ಸಂಬಳ ಅಷ್ಟಕ್ಕಷ್ಟೇ, ಇರೋದು ಒಂದು ರೂಮು,” ದೊಡ್ಡಪ್ಪ ಹೇಳುತ್ತಿದ್ದರು. “ಹಾಸ್ಟೆಲ್‌ನೋರು ನಾಳೆ ಸಂಜೆಯೊಳಗೆ ಸೇರಿಸಿ, ಇಲ್ದಿದ್ರೆ ಜಾಗ ಬೇರೆಯವರಿಗೆ ಅಂದಿದಾರೆ. ಏನ್ ಹೇಳ್ತೀರಾ?”

“ಅಲ್ಲಿ ಲಿಫ್ಟ್ ಇದೆಯಾ?”

“ಲಿಫ್ಟ್ ಯಾಕ್ರೀ? ಒಂದೇ ಮಹಡಿ.”

“ಹಾಗಾದ್ರೆ ಅಲ್ಲಿ ನನಗೆ ಕೆಲಸ ಸಿಗಲ್ಲ.”

“ನಿಮಗಲ್ಲ ಸ್ವಾಮಿ, ನಾನು ಹೇಳ್ತಿರೋದು ಮಗೂಗೆ!”

“ಮಗೂಗೆ ಈಗ್ಲೇ ಯಾಕೆ ಕೆಲಸ? ಇನ್ನೂ ಹಲ್ಲು ಬಿದ್ದಿಲ್ಲ.”

ದೊಡ್ಡಪ್ಪ ಹಣೆ ಚಚ್ಚಿಕೊಂಡರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಚಿಕ್ಕಮ್ಮನಿಗೆ ತಡೆಯಲಾಗಲಿಲ್ಲ.

“ತಮಾಷೆ ಬಿಡೀಂದ್ರೆ. ನನಗೊಂದು ಮಾತು ಹೇಳಿ. ಈ ಮಗೂನ ಏನ್ ಮಾಡೋಣ?”

ಅವನು ಸೂಜಿಯನ್ನು ಎಳೆದ. ದಾರವನ್ನು ಹಲ್ಲಿನಿಂದ ಕಡಿದ. ಹೆಂಡತಿಯ ಮುಖ ನೋಡಿದ.

“ಸಾಕು,” ಅಂದ.

“ಅಬ್ಬ, ಈಗೊಂದು ಮಾತು ನೆಟ್ಟಗೆ ಬಂತು,” ಎಂದರು ದೊಡ್ಡಪ್ಪ. ಅವರ ದನಿಯಲ್ಲಿ ಭಾರ ಇಳಿದಿತ್ತು. “ಎಷ್ಟು ದಿನ ಅಂತ ನೀವಾದ್ರೂ ನೋಡ್ಕೋತೀರಾ. ನಾಳೆ ಮಧ್ಯಾಹ್ನದ ಬಸ್ಸಿಗೆ ಹೊರಡ್ತೀನಿ. ನಿಮ್ಮ ಆಫೀಸ್ ಹತ್ರಾನೇ ಬರ್ತೀನಿ, ಮಗೂನ ಅಲ್ಲಿಗೆ ಕರ್ಕೊಂಡು ಬಂದುಬಿಡಿ.”

ಪರದೆಯ ಹಿಂದಿದ್ದ ಹುಡುಗಿ ವಾಪಸು ಹೋಗಿ ತನ್ನ ಬಟ್ಟೆ ಚೀಲ ಹುಡುಕಿದಳು. ಎರಡು ಲಂಗ, ಒಂದು ಬಾಚಣಿಗೆ, ಅಮ್ಮನ ಒಂದು ಕರ್ಚೀಫು. ಎಲ್ಲವನ್ನೂ ತುಂಬಿಕೊಂಡು, ಚೀಲವನ್ನು ತಬ್ಬಿಕೊಂಡೇ ಮಲಗಿದಳು. ಅಳಲಿಲ್ಲ. ಅತ್ತರೆ ಅವರಿಗೆ ಇನ್ನೂ ಬೇಸರವಾದೀತು ಎಂಬ ಅಂಜಿಕೆ.

ಮರುದಿನ ಲಿಫ್ಟಣ್ಣ ಅವಳನ್ನು ಆರನೇ ಮಹಡಿಯಲ್ಲಿ ಟೈಪಿಸ್ಟ್ ಹತ್ತಿರ ಬಿಟ್ಟು, “ಇಲ್ಲೇ ಇರು,” ಎಂದು ಕೆಳಗೆ ಹೋದ. ಬಹಳ ಹೊತ್ತಾದ ಮೇಲೆ ದೊಡ್ಡಪ್ಪನ ದನಿ ಕೇಳಿಸಿತು. ಅವಳು ಚೀಲ ಹಿಡಿದು ಜಾಲರಿ ಬಾಗಿಲ ಹತ್ತಿರ ಓಡಿದಳು. ಕೆಳಗೆ ಬಗ್ಗಿ ನೋಡಿದರೆ, ಕತ್ತಲ ಬಾವಿಯಂಥ ಜಾಗದಲ್ಲಿ ಲಿಫ್ಟಿನ ನೆತ್ತಿ ಎರಡು ಮಹಡಿಗಳ ನಡುವೆ ನಿಂತಿತ್ತು. ಮಾತು ಮಾತ್ರ ಮೇಲೆ ಬರುತ್ತಿತ್ತು.

“ಯಾಕ್ರೀ ನಿಂತಿತು?”

“ಕೆಟ್ಟಿರಬೇಕು.”

“ಯಾರನ್ನಾದ್ರೂ ಕರೀರಿ!”

“ಮೆಕ್ಯಾನಿಕ್‌ನ ಕರೀಬೇಕು.”

“ಎಲ್ಲಿದಾನೆ ಅವನು?”

“ಕೆಳಗಿದಾನೆ.”

“ಹೋಗಿ ಕರ್ಕೊಂಡು ಬನ್ನಿ ಮತ್ತೆ!”

“ಹೇಗೆ ಹೋಗ್ಲಿ? ಲಿಫ್ಟ್ ಕೆಟ್ಟಿದೆಯಲ್ಲ.”

“ಅಯ್ಯೋ, ನನ್ನ ಬಸ್ಸು ರೀ!”

“ಬಸ್ಸಿಗೇನಾಯ್ತು? ಅದೂ ಕೆಟ್ಟಿದೆಯಾ?”

ಲಿಫ್ಟು ಮತ್ತೆ ಹೊರಟು ಮೇಲೆ ಬರುವಷ್ಟರಲ್ಲಿ ಮಧ್ಯಾಹ್ನ ಇಳಿದಿತ್ತು. ಬಸ್ಸೂ ಹೋಗಿತ್ತು, ಹಾಸ್ಟೆಲ್ಲಿನ ಜಾಗವೂ ಹೋಯಿತು. ದೊಡ್ಡಪ್ಪ ಬೆವರೊರೆಸಿಕೊಳ್ಳುತ್ತ ಅವಳ ತಲೆ ಸವರಿ, ಮುಂದಿನ ವರ್ಷ ನೋಡೋಣ ಎಂದು ಹೋದರು. ಮುಂದಿನ ವರ್ಷ ಯಾರೂ ನೋಡಲಿಲ್ಲ.

ಆರು ವರ್ಷದ ತಲೆ ಒಂದು ಲೆಕ್ಕ ಹಾಕಿಕೊಂಡಿತು. ಚಿಕ್ಕಪ್ಪನಿಗೆ ನಾನು ಸಾಕಾಗಿತ್ತು. ಲಿಫ್ಟ್ ಕೆಟ್ಟಿತು, ಹಾಗಾಗಿ ಉಳಿದುಕೊಂಡೆ. ಉಳಿಸಿಕೊಂಡದ್ದಲ್ಲ, ಉಳಿದದ್ದು. ಆಮೇಲೆ ಅವಳು ಎರಡನೇ ಸಲ ಬಡಿಸಿಕೊಳ್ಳಲಿಲ್ಲ. ಕೈಕಾಲು ಚಾಚಿ ಮಲಗಲಿಲ್ಲ. ಹರಿದ ಚಪ್ಪಲಿಯನ್ನು ತಾನೇ ಪಿನ್ನು ಹಾಕಿ ಸರಿಮಾಡಿಕೊಂಡಳು. ಎಂಥ ಒಳ್ಳೇ ಹುಡುಗಿ, ಒಂದು ತಂಟೆಯಿಲ್ಲ ಎಂದು ಎಲ್ಲರೂ ಹೊಗಳಿದರು. ಅವಳು ದುಡಿಯಲು ಶುರುಮಾಡಿದ ಮೇಲೆ ಆ ಇಬ್ಬರನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಳು. ಪ್ರೀತಿ ಇರಲಿಲ್ಲವೆಂದಲ್ಲ, ಬೇಕಾದಷ್ಟಿತ್ತು. ಅದನ್ನು ತೋರಿಸಲು ತನಗೆ ಹಕ್ಕಿದೆಯೋ ಇಲ್ಲವೋ ಎನ್ನುವುದೇ ಅವಳಿಗೆ ಗೊತ್ತಾಗಿರಲಿಲ್ಲ.

ಕಳೆದ ವಾರ ಆಸ್ಪತ್ರೆಯಲ್ಲಿ, ಚಿಕ್ಕಮ್ಮ ಮನೆಗೆ ಹೋಗಿದ್ದ ಹೊತ್ತು ನೋಡಿ, ಅವಳು ಕೇಳಿಯೇಬಿಟ್ಟಳು. ಇಷ್ಟು ವರ್ಷ ನುಂಗಿಕೊಂಡಿದ್ದು, ಇನ್ನು ಕೇಳದಿದ್ದರೆ ಕೇಳಲು ಯಾರೂ ಇರುವುದಿಲ್ಲ ಎಂದು.

“ಚಿಕ್ಕಪ್ಪ, ಒಂದು ಕೇಳ್ತೀನಿ. ಸೊಟ್ಟ ಉತ್ತರ ಕೊಡಬಾರ್ದು.”

ಅವನು ಕಣ್ಣು ತೆರೆದ.

“ದೊಡ್ಡಪ್ಪ ಬಂದಿದ್ರಲ್ಲ ಆವತ್ತು, ನನ್ನನ್ನ ಕರ್ಕೊಂಡು ಹೋಗೋಕೆ. ನೀವು ಯಾಕೆ ಸಾಕು ಅಂದ್ರಿ?”

ಅವನು ಅವಳನ್ನು ತಲೆಯಿಂದ ಕಾಲಿನವರೆಗೆ ನಿಧಾನವಾಗಿ ನೋಡಿದ. ತುಟಿ ಅಲುಗಿತು. ಅವಳು ಬಗ್ಗಿ ಕಿವಿ ಕೊಟ್ಟಳು.

“ಅದಕ್ಕೇ ಅಲ್ವಾ, ನೀನು ಇಷ್ಟುದ್ದ ಆಗಿರೋದು.”

ಕೊನೆಯಲ್ಲೂ ತಮಾಷೆ. ಅವಳು ಹೊದಿಕೆ ಸರಿಮಾಡಿ ಹೊರಗೆ ಹೋಗಿ ಗೋಡೆಗೆ ಹಣೆಯಿಟ್ಟು ನಿಂತಳು. ಸಾಯುವ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಳ್ಳಬಾರದು ಎಂದು ತನಗೆ ತಾನೇ ಹೇಳಿಕೊಂಡಳು. ಸಿಟ್ಟು ಬಂದೇ ಬಂತು. ಆಮೇಲೆ ಅವನು ಮಾತಾಡಲಿಲ್ಲ.

*

“ಆವತ್ತೊಂದಿನ ಆ ಲಿಫ್ಟ್ ಕೆಡದೇ ಇದ್ದಿದ್ರೆ,” ಎಂದು ದೊಡ್ಡಪ್ಪ ಅಂಗಳದಲ್ಲಿ ಹೇಳುತ್ತಿದ್ದರು, “ಇವಳು ನಮ್ಮೂರಲ್ಲೇ ಇರ್ತಿದ್ಲು. ಗಾಳಿಯಿಲ್ಲ ಬೆಳಕಿಲ್ಲ, ಪೆಟ್ಟಿಗೇಲಿ ಸಿಕ್ಕಿಹಾಕ್ಕೊಂಡ ಹಾಗೆ…” ಅವರು ಬೆಂಚಿನ ಮೇಲಿದ್ದದ್ದನ್ನು ನೋಡಿ ಮಾತು ನಿಲ್ಲಿಸಿದರು.

“ಯಾವ ಲಿಫ್ಟ್ ಕೆಟ್ಟಿದ್ದು?” ಎಂದ ಮೆಕ್ಯಾನಿಕ್.

“ಅದೇ, ಇವನದು.”

“ಆ ಲಿಫ್ಟಾ? ಅದಕ್ಕೆ ಎಣ್ಣೆ ಹಾಕಿ ಕೆಲಸ ಕಲಿತವನು ನಾನು ಯಜಮಾನ್ರೇ. ಅದು ಮಹಡಿ ನಡುವೆ ಕೆಟ್ಟು ನಿಂತಿದ್ದು ಅಂತ ಇಲ್ವೇ ಇಲ್ಲ. ಹಿಡಿಯಿಂದ ಕೈ ಬಿಟ್ರೆ ನಿಲ್ತಿತ್ತು, ಅಷ್ಟೇ.”

“ನಾನೇ ಒಳಗಿದ್ನಲ್ಲಯ್ಯ!”

“ನಾನು ಕೆಳಗೇ ಇದ್ನಲ್ಲ. ಬೆಳಿಗ್ಗೆ ಬಂದವರೇ ನನ್ನ ಹೆಗಲ ಮೇಲೆ ಕೈ ಹಾಕಿ, ‘ಇವತ್ತು ಮಧ್ಯಾಹ್ನ ಕಳೆಯೋವರೆಗೂ ನಿನಗೆ ಕಿವಿ ಕೇಳಿಸಲ್ಲ, ಗೊತ್ತಾಯ್ತಾ’ ಅಂದ್ರು. ಏನಣ್ಣ ಅಂದ್ರೆ, ‘ನೋಡು, ಈಗ್ಲೇ ಕೇಳಿಸ್ತಿದೆ’ ಅಂತ ಬೈದ್ರು. ನೀವು ಮೇಲಿಂದ ಮೆಕ್ಯಾನಿಕ್ ಮೆಕ್ಯಾನಿಕ್ ಅಂತ ಬಾಯಿ ಬಡ್ಕೋತಿದ್ರಿ. ನಾನು ಟೀ ಕುಡೀತಾ ಕೂತಿದ್ದೆ.”

ದೊಡ್ಡಪ್ಪ ಪೆಟ್ಟಿಗೆಯ ಕಡೆ ತಿರುಗಿದರು. ಇಷ್ಟು ವರ್ಷದ ಮೇಲೆ ಮೋಸ ಗೊತ್ತಾಗಿದೆ, ಬೈಯೋಣವೆಂದರೆ ಆಸಾಮಿ ಕೈಗೆ ಸಿಗುವಂತಿಲ್ಲ.

“ಕಳ್ಳ,” ಎಂದರು ಕೊನೆಗೆ. “ಅಲ್ಲ, ಹಿಂದಿನ ದಿನ ಸಂಜೆ ನನ್ನೆದುರಿಗೇ ಸಾಕು ಅಂದ್ನಲ್ಲ ಇವನು! ಸಾಕು ಅಂದವನು ಯಾಕೆ ಲಿಫ್ಟ್ ನಿಲ್ಲಿಸ್ದ?”

ಪುಟ್ಟಿಯೂ ಅದನ್ನೇ ಕೇಳಿಕೊಳ್ಳುತ್ತಿದ್ದಳು.

“ನಿಮ್ಮನ್ನೇನು ಹೇಳೋದು, ನನಗೇ ಅರ್ಥ ಆಗಿರ್ಲಿಲ್ಲ,” ಎಂದರು ಚಿಕ್ಕಮ್ಮ.

ಬೆಳಗಿನಿಂದ ಅವರು ಆಡಿದ ಮೊದಲ ಮಾತು ಅದು. ಎಲ್ಲರೂ ಅವರತ್ತ ತಿರುಗಿದರು.

“ಇವರಿಗೆ ಬೇಜಾರಾಗಿದೆ ಅಂತ ನಾನೂ ಅಡುಗೆಮನೇಲಿ ಕೂತು ಅಳ್ತಿದ್ದೆ. ನೀವು ಹೋದ ಮೇಲೆ ಬಂದ್ರು. ಯಾಕೆ ಅಳ್ತೀಯಾ ಅಂದ್ರು. ಸಾಕು ಅಂದ್ರಲ್ಲ ಅಂದೆ. ‘ಹೂಂ ಮತ್ತೆ. ಈ ಮಗೂನ ಏನ್ ಮಾಡೋಣ ಅಂತ ನೀನು ಕೇಳ್ದೆ. ಸಾಕು ಅಂದೆ. ಹಸು ಸಾಕು, ನಾಯಿ ಸಾಕು ಅನ್ನಲ್ವಾ? ಹಾಗೆ, ಮಗೂನ ಸಾಕು. ಇಷ್ಟು ದಿನ ನನ್ನ ಜೊತೆ ಸಂಸಾರ ಮಾಡಿ, ಇನ್ನೂ ನನ್ನ ಮಾತನ್ನ ಅವರ ಥರಾನೇ ಕೇಳಿಸ್ಕೋತೀಯಲ್ಲೇ’ ಅಂದ್ರು.”

ಮಡಿಲಲ್ಲಿ ಕುಣಿಯುತ್ತಿದ್ದ ಟೈಪಿಸ್ಟ್ ಅಮ್ಮನ ಬೆರಳುಗಳು ನಿಂತವು.

“ಅದನ್ನ ನನಗೇ ನೆಟ್ಟಗೆ ಹೇಳಿದ್ರೆ ಬಿಟ್ಟು ಹೋಗ್ತಿದ್ನಲ್ಲಮ್ಮ ನಾನು,” ಎಂದರು ದೊಡ್ಡಪ್ಪ.

“ಹೋಗ್ತಿದ್ರಾ?”

ದೊಡ್ಡಪ್ಪ ಕೋಲಿನ ತುದಿಯಿಂದ ನೆಲ ಕೆದಕಿದರು. “ಇಲ್ಲ,” ಎಂದರು. “ಹಿರಿಯ ನಾನು, ಹಕ್ಕು ನಂದು ಅಂತ ರಾತ್ರಿಯೆಲ್ಲ ಜಗಳ ಆಡಿ ಎಳ್ಕೊಂಡು ಹೋಗ್ತಿದ್ದೆ.”

ಪುಟ್ಟಿ ಚಿಕ್ಕಮ್ಮನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು.

“ಚಿಕ್ಕಮ್ಮ, ನಾನು ಪರದೆ ಹಿಂದೆ ಇದ್ದೆ.”

“ಯಾವಾಗ?”

“ಆವತ್ತು. ಅವರು ಸಾಕು ಅಂದಾಗ.”

“ಇಲ್ವಲ್ಲ, ನೀನು ನಿದ್ದೆ ಮಾಡ್ತಿದ್ದೆ.”

“ಇಲ್ಲ.”

ಚಿಕ್ಕಮ್ಮ ಅವಳ ಮುಖವನ್ನೇ ನೋಡಿದರು. ಬಡಿಸಲು ಹೋದರೆ ಅಡ್ಡ ಬರುತ್ತಿದ್ದ ಆ ಪುಟ್ಟ ಕೈ, ಪಿನ್ನು ಹಾಕಿದ ಚಪ್ಪಲಿ, ಎಷ್ಟು ಹೇಳಿದರೂ ಚೀಲದಿಂದ ಕಪಾಟಿಗೆ ಬಾರದ ಬಟ್ಟೆಗಳು, ಎಲ್ಲ ಒಟ್ಟಿಗೇ ನೆನಪಾದವು.

“ಅಯ್ಯೋ, ಕಂದಾ,” ಎಂದರು. “ಇಷ್ಟು ವರ್ಷ? ಇಷ್ಟು ವರ್ಷವೂ ಹಾಗೇ ಅಂದ್ಕೊಂಡು ಇದ್ಯಾ?”

ಪುಟ್ಟಿ ತಲೆಯಾಡಿಸಿದಳು. ಚಿಕ್ಕಮ್ಮ ಅವಳ ತಲೆಯನ್ನು ಮಡಿಲಿಗೆ ಎಳೆದುಕೊಂಡು ಬಗ್ಗಿದರು. ಬೆಳಗಿನಿಂದ ತಡೆದಿದ್ದ ಅಳು ಆಗ ಬಂತು. ಗಂಡನಿಗಾಗಿ ಎಷ್ಟು, ಈ ಹುಡುಗಿ ಒಬ್ಬಳೇ ನುಂಗಿಕೊಂಡ ವರ್ಷಗಳಿಗಾಗಿ ಎಷ್ಟು ಎಂದು ಬೇರೆ ಮಾಡಲು ಬರುವಂತಿರಲಿಲ್ಲ.

ಆ ಮಡಿಲಲ್ಲಿ ಮುಖವಿಟ್ಟುಕೊಂಡೇ ಪುಟ್ಟಿ ಅವನ ಉತ್ತರಗಳನ್ನೆಲ್ಲ ಒಂದೊಂದಾಗಿ ಮತ್ತೆ ಕೇಳಿಸಿಕೊಂಡಳು. ಏನೂ ಆಗಬೇಕಾಗಿಲ್ಲ ಸಾರ್, ಅಂದರೆ ಆಗಬೇಕಾದದ್ದೆಲ್ಲ ಆಗಿದೆ. ಮತ್ತೆ ಆಸ್ಪತ್ರೆಯ ಮಾತು. ಯಾಕೆ ಸಾಕು ಅಂದ್ರಿ ಎಂದು ಕೇಳಿದ್ದಕ್ಕೆ, ಅದಕ್ಕೇ ಅಲ್ವಾ ನೀನು ಇಷ್ಟುದ್ದ ಆಗಿರೋದು. ಸಾಕಿದರೇ ತಾನೇ ಬೆಳೆಯುವುದು! ಸೊಟ್ಟ ಉತ್ತರ ಬೇಡ ಎಂದು ಅವಳು ಕೇಳಿಕೊಂಡಿದ್ದಳು. ಜನ್ಮದಲ್ಲಿ ಒಂದು ಸಲ ಅವನು ನೆಟ್ಟಗೆ ಹೇಳಿದ್ದ. ಅದನ್ನು ಅವಳು ತಮಾಷೆ ಎಂದುಕೊಂಡು ಎದ್ದು ಹೋಗಿದ್ದಳು.

ಗೇಟಿನಲ್ಲಿ ಹಾರನ್ ಕೇಳಿಸಿತು. ವ್ಯಾನ್ ಬಂದಿತ್ತು.

ಪೆಟ್ಟಿಗೆಯನ್ನು ಒಳಗೆ ತಳ್ಳಿ ಡ್ರೈವರ್ ಹಿಂದಿನ ಬಾಗಿಲು ಹಾಕಲು ಹೋದ. ಮೆಕ್ಯಾನಿಕ್ ಇನ್ನೂ ಅಂಚು ಹಿಡಿದುಕೊಂಡೇ ನಿಂತಿದ್ದ. ಅವನಿಗೆ ಕೈ ಬಿಡಲು ಮನಸ್ಸಿರಲಿಲ್ಲ.

“ಬೆರಳು ಜೋಪಾನ,” ಎಂದಳು ಪುಟ್ಟಿ.

ಜಾಲರಿ ಬಾಗಿಲು ಎಳೆಯುವಾಗೆಲ್ಲ ಲಿಫ್ಟಣ್ಣ ಹೇಳುತ್ತಿದ್ದ ಮಾತು. ಮೆಕ್ಯಾನಿಕ್ ಅವಳನ್ನು ನೋಡಿ, ಕೈ ತೆಗೆದು, ಅಂಗಿಯ ತೋಳಿಗೆ ಮುಖ ಒರೆಸಿಕೊಂಡ.

*

ಸ್ಮಶಾನದಲ್ಲಿ ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ. ಹಗ್ಗದಲ್ಲಿ ಪೆಟ್ಟಿಗೆಯನ್ನು ಕೆಳಗೆ ಬಿಟ್ಟರು. ಬಂದವರು ಒಂದೊಂದು ಹಿಡಿ ಮಣ್ಣು ಹಾಕಿದರು. ದೊಡ್ಡಪ್ಪ ತಮ್ಮ ಹಿಡಿಯನ್ನು ಹಾಕುವ ಮುಂಚೆ, “ಸರಿಯಾಗಿ ಸಿಕ್ಕಿಸಿದೆ ಮಾರಾಯ ನನ್ನನ್ನ,” ಎಂದು ಗುಂಡಿಯೊಳಗೆ ಬಗ್ಗಿ ಹೇಳಿದರು. ಬೈದಂತಿರಲಿಲ್ಲ.

ಆಮೇಲೆ ಗುಂಡಿ ಮುಚ್ಚುವವನ ಕೆಲಸ. ಗಟ್ಟಿಮುಟ್ಟಾದ ಆಳು. ಸಲಿಕೆ ತುಂಬ ಮಣ್ಣೆತ್ತಿ ಹಾಕುತ್ತ, ನಡುನಡುವೆ ಕಾಲಿನಿಂದ ತುಳಿಯುತ್ತ, ನೆಲದ ಮಟ್ಟ ದಾಟಿಸಿ ದಿಬ್ಬ ಏರಿಸಿದ. ಪಕ್ಕದಲ್ಲಿ ಇನ್ನೂ ಸ್ವಲ್ಪ ಮಣ್ಣು ಉಳಿದಿತ್ತು. ಒಂದು ಸಲಿಕೆ ಎತ್ತಿಕೊಂಡು ಅವನು ನಿಂತ. ಬಂದವರಲ್ಲಿ ಯಾರನ್ನು ಕೇಳಬೇಕೆಂದು ನೋಡಿ, ಎಲ್ಲರಿಗಿಂತ ಮುಂದೆ ಚಿಕ್ಕಮ್ಮನ ಕೈ ಹಿಡಿದು ನಿಂತಿದ್ದವಳನ್ನು ಕೇಳಿದ.

“ಸಾಕಾ ಅಮ್ಮಾ?”

ಪುಟ್ಟಿ ಅವನ ಮುಖ ನೋಡಿದಳು. ಅವಳ ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ. ಕೇಳಿದ್ದು ಸರಿಯಾಗೇ ಕೇಳಿಸಿದೆ ಎನ್ನುವಂಥ ಮುಖ.

“ಹೂಂ,” ಅಂದಳು. “ಚೆನ್ನಾಗೇ ಸಾಕಿದ್ರು.”

“ಅಲ್ಲಮ್ಮಾ, ಮಣ್ಣು. ಮಣ್ಣು ಸಾಕಾ ಅಂತ.”

“ಮಣ್ಣನ್ನ ಯಾರಾದ್ರೂ ಸಾಕ್ತಾರೇನಪ್ಪಾ? ನನ್ನನ್ನ ಸಾಕಿದ್ರು. ನಮ್ಮಪ್ಪ.”

ಚಿಕ್ಕಮ್ಮ ಅವಳತ್ತ ತಿರುಗಿದರು. ಸೆರಗನ್ನು ಬಾಯಿಗೆ ಒತ್ತಿ ಹಿಡಿದರೂ ನಗು ತಡೆಯಲಿಲ್ಲ. ಭುಜ ಕುಲುಕಿ, ಕಣ್ಣಲ್ಲಿ ನೀರು ಸುರಿದು, ಪುಟ್ಟಿಯ ತೋಳು ಹಿಡಿದು ಬಗ್ಗಿ ಬಗ್ಗಿ ನಕ್ಕರು. ಹಿಂದೆ ಮೆಕ್ಯಾನಿಕ್, ಅವನ ಹಿಂದೆ ಟೈಪಿಸ್ಟ್ ಅಮ್ಮ, ಕೋಲೂರಿದ ದೊಡ್ಡಪ್ಪ ಕೂಡ.

ಗುಂಡಿ ಮುಚ್ಚುವವನು ಒಬ್ಬೊಬ್ಬರ ಮುಖವನ್ನೂ ನೋಡುತ್ತ, ತುಂಬಿದ ಸಲಿಕೆಯನ್ನು ಎತ್ತಿ ಹಿಡಿದು, ಹಾಕಬೇಕೋ ಬೇಡವೋ ತಿಳಿಯದೆ ನಿಂತೇ ಇದ್ದ.